ಗದ್ದಲಕ್ಕೂ ಬಾಡಿಗೆ, ಗದ್ದಲ ತಡೆಯೋ ಕಿಟಕಿಗೂ ಬಾಡಿಗೆ

ಬಾಡಿಗೆ ಮನೆಯ ಜಾಹೀರಾತನ್ನೂ ಒಂದು ಸಾಹಿತ್ಯ ಪ್ರಕಾರ ಅಂತ ಓದಬೇಕು. ಕಥೆ, ಕಾದಂಬರಿಗೆಲ್ಲ ವಿಮರ್ಶೆ ಬರೀತೀವಿ. ತಿಂಗಳ ಸಂಬಳದ ಅರ್ಧ ನುಂಗೋ ಈ ಬರಹಕ್ಕೆ ಮಾತ್ರ ಯಾರೂ ಬರೆಯಲ್ಲ.

ಇಂದಿರಾನಗರ, ಚರ್ಚ್ ಸ್ಟ್ರೀಟ್, ಲ್ಯಾವೆಲ್ ರೋಡ್ ಸುತ್ತಮುತ್ತಲಿನ ಲಕ್ಷುರಿ ಅಪಾರ್ಟ್‌ಮೆಂಟ್‌ಗಳ ಜಾಹೀರಾತು ತೆಗೆದು ನೋಡಿ. ಮೇಲೆ ‘ಲೈವ್ಲಿ ನೈಬರ್‌ಹುಡ್’ ಅಂತ ಇರುತ್ತೆ. ಕೆಳಗೆ ಸೌಲಭ್ಯಗಳ ಪಟ್ಟಿಯಲ್ಲಿ ಸದ್ದು ತಡೆಯೋ ಡಬಲ್ ಗ್ಲಾಸ್ ಕಿಟಕಿ. ಅಂದ್ರೆ ಗದ್ದಲ ಇರೋದಕ್ಕೂ ನಾವೇ ದುಡ್ಡು ಕೊಡಬೇಕು, ಅದು ಒಳಗೆ ಬರದಿರೋದಕ್ಕೂ ನಾವೇ ಕೊಡಬೇಕು.

ಕಾನೂನಿನಲ್ಲಿ ಗದ್ದಲಕ್ಕೊಂದು ಅಳತೆ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 55 ಡೆಸಿಬಲ್ ಮಿತಿ. ಪಬ್ಬಿನ ಪಕ್ಕದ ಬೆಡ್‌ರೂಮು ಇದರಲ್ಲಿ ಯಾವುದಕ್ಕೆ ಸೇರುತ್ತೆ ಅನ್ನೋದನ್ನ ಬ್ರೋಕರ್ ಹೇಳಲ್ಲ. ಮನೆ ತೋರಿಸೋದು ಭಾನುವಾರ ಬೆಳಿಗ್ಗೆ 11ಕ್ಕೆ. ನೀವು ನೋಡಬೇಕಾಗಿರೋದು ಶನಿವಾರ ರಾತ್ರಿ 11ಕ್ಕೆ.

ಇನ್ನು ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋದು ಬೆಂಗಳೂರಿನ ಹಳೇ ಚಾಳಿ. ಈಗ ಕೆಲವರು ಐದಾರಕ್ಕೆ ಒಪ್ತಾರೆ, ಅಷ್ಟೇ. ಬಾಡಿಗೆ 80,000 ಅಂತಿಟ್ಟುಕೊಳ್ಳಿ, ಅಡ್ವಾನ್ಸ್ 8 ಲಕ್ಷ. ಶೇ. 6ರ ಬಡ್ಡಿ ಲೆಕ್ಕ ಹಾಕಿದ್ರೂ ವರ್ಷಕ್ಕೆ 48,000 ಕಳಕೊಂಡ ಹಾಗೆ. ಅಂದ್ರೆ ನಿಜವಾದ ಬಾಡಿಗೆ 84,000. ಅದರ ಮೇಲೆ ಮೇಂಟೆನೆನ್ಸ್, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಅಳವಡಿಸಿಕೊಂಡರಷ್ಟೇ ಜಾರಿ.

ನಮ್ಮದೇ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇಲ್ವಾ? ಇದೆ. ಬೆಂಗಳೂರಿನಲ್ಲಿ ಬಾಡಿಗೆ ತಿಂಗಳಿಗೆ 3,500 ದಾಟಿದ ಮನೆಗೆ ಅದು ಅನ್ವಯಿಸಲ್ಲ. ಆದಾಯ ತೆರಿಗೆಯಲ್ಲಿ ಬಾಡಿಗೆ 50,000 ದಾಟಿದರೆ ಟಿಡಿಎಸ್ ಹಿಡಿದು ಕಟ್ಟೋ ಹೊಣೆ ಬಾಡಿಗೆದಾರನದ್ದು. ಹೊಣೆ ಹೊರಿಸೋವಾಗ ನಾವು ದೊಡ್ಡವರು, ರಕ್ಷಣೆ ಕೇಳಿದಾಗಲೂ ದೊಡ್ಡವರೇ. ಉಳಿಯೋದು ಹನ್ನೊಂದು ತಿಂಗಳ ಕರಾರು ಪತ್ರ. ಅದನ್ನ ಓದದೆ ಸಹಿ ಹಾಕೋರು ಆಫೀಸಲ್ಲಿ ನಾಲ್ಕು ಸಾಲು ಕೋಡಿಗೆ ಎರಡು ಸಲ ರಿವ್ಯೂ ಕೇಳೋ ನಾವೇ!

ಹಾಗಂತ ಇದೆಲ್ಲ ಶೋಕಿ ಅಂತ ತಳ್ಳಿಹಾಕೋದು ಸುಲಭ, ಸರಿಯಲ್ಲ. 2011ರಲ್ಲಿ ನಮ್ಮ ಮೆಟ್ರೋ ಮೊದಲು ಓಡಿದ್ದೇ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ಆ ದಾರಿಯಲ್ಲಿ ಮನೆ ಸಿಕ್ಕವರಿಗೆ ದಿನಕ್ಕೆ ಎರಡು ಗಂಟೆ ಟ್ರಾಫಿಕ್ಕಿನಿಂದ ಉಳಿಯಬಹುದು. ರಾತ್ರಿ ಶಿಫ್ಟ್ ಮುಗಿಸಿ ಬರೋ ಹುಡುಗಿಗೆ ಜನ ಓಡಾಡೋ ಬೀದಿ ಅಂದ್ರೆ ಧೈರ್ಯ. ಇವಕ್ಕೆ ಬೆಲೆ ಕೊಡಬಹುದು.

ನನ್ನ ತಕರಾರು ಬೇರೆ. ಹಳ್ಳಿಯಲ್ಲಿ ಬೆಳೆದ ನನಗೆ ಮನೆ ಅಂದ್ರೆ ಜಗಲಿಯಿಂದ ಶುರು. ಜಗಲಿ ಅರ್ಧ ಮನೆಯದು, ಅರ್ಧ ಬೀದಿಯದು. ದಾರಿಹೋಕರೂ ಕೂತು ನೀರು ಕೇಳಬಹುದು. ನಮ್ಮೂರಲ್ಲಿ ಎಲ್ಲ ಜಾತಿಯವರಿಗೂ ಆ ಜಗಲಿ ಸಿಗ್ತಿರಲಿಲ್ಲ ಅನ್ನೋದೂ ನಿಜ. ಲಕ್ಷುರಿ ಅಪಾರ್ಟ್‌ಮೆಂಟು ಜಗಲಿ ತೆಗೆದುಹಾಕ್ತು, ಆ ಭೇದವನ್ನ ಸರ್ವಿಸ್ ಲಿಫ್ಟ್ ಹೆಸರಲ್ಲಿ ಉಳಿಸಿಕೊಳ್ತು. ಬೀದಿಯನ್ನ ‘ಲೈವ್ಲಿ’ ಮಾಡೋ ಚಹಾದಂಗಡಿಯವರು, ಹೂ ಮಾರೋರು, ಪುಸ್ತಕದಂಗಡಿ ಹುಡುಗರು ಗೇಟಿನ ರಿಜಿಸ್ಟರ್ ದಾಟಿ ಒಳಗೆ ಬರೋದಿಲ್ಲ. ಅವರ ಬದುಕಿನ ಸದ್ದು ತೋರಿಸಿ ಬಾಡಿಗೆ ಏರಿಸ್ತಾರೆ. ಏರಿದ ಬಾಡಿಗೆ ಒಂದು ದಿನ ಅವರ ಅಂಗಡಿಗೂ ಬರುತ್ತೆ. ಅವರು ಖಾಲಿ ಮಾಡಿದ ಮೇಲೆ ಆ ಕಿಟಕಿಗೆ ತಡೆಯೋಕೆ ಏನಿರುತ್ತೆ?

ಬಾಡಿಗೆ ಕೊಡೋ ಶಕ್ತಿ ಇದ್ರೆ ಕೊಡಿ, ಚೌಕಾಶಿ ಮಾಡಿ, ಕರಾರು ಓದಿ. ಕಿಟಕಿ ಮಾತ್ರ ದಿನಕ್ಕೊಮ್ಮೆಯಾದರೂ ತೆಗೆದಿಡಿ. ಅದರಾಚೆ ಇರೋದಕ್ಕೇ ತಾನೇ ಅಷ್ಟು ದುಡ್ಡು ಕೊಟ್ಟಿದ್ದು?