ಹೂಂಗುಟ್ಟುವವರು ಯಾರು? : ಪಾಡ್‌ಕಾಸ್ಟ್ ಮಾತುಕತೆ ಮತ್ತು ಕರುಣೆಯ ರಾಜಕಾರಣ

1

ಕರುಣೆ, ನ್ಯಾಯ, ಸಾಮಾಜಿಕ ಹೊಣೆ - ಈ ಮೂರು ಮಾತುಗಳನ್ನು ಪಾಡ್‌ಕಾಸ್ಟ್‌ಗಳಲ್ಲಿ ಒಂದೇ ಉಸಿರಿಗೆ ಹೇಳುವ ರೂಢಿ ಈಗ ಬಂದಿದೆ. ಇಬ್ಬರು ಎದುರುಬದುರು ಕೂತು ಒಂದು ಗಂಟೆ ಮನಸ್ಸು ಬಿಚ್ಚಿ ಮಾತಾಡಿದರೆ ಕೇಳಿದವರ ಮನಸ್ಸು ಕರಗುತ್ತದೆ, ಕರಗಿದ ಮನಸ್ಸು ನ್ಯಾಯದ ಕಡೆ ವಾಲುತ್ತದೆ, ಅಲ್ಲಿಂದ ಹೊಣೆಗಾರಿಕೆ ತಾನಾಗಿಯೇ ಹುಟ್ಟುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ದಲಿತ ವಿಮರ್ಶೆಗೆ ಈ ನಂಬಿಕೆಯನ್ನು ಹಾಗೇ ಒಪ್ಪಿಕೊಳ್ಳಲು ಬರುವುದಿಲ್ಲ. ಹಾಗಂತ ಸಾರಾಸಗಟಾಗಿ ತಳ್ಳಿಹಾಕಲೂ ಬರುವುದಿಲ್ಲ. ಕಥೆ, ಕಾದಂಬರಿ, ಆತ್ಮಕಥೆಗಳನ್ನು ಓದಿದ ಹಾಗೆ ಇದನ್ನೂ ಒಂದು ಪಠ್ಯವೆಂದೇ ಓದಬೇಕು. ಇಲ್ಲಿ ಪ್ರಶ್ನೆ ಕೇಳುವವರು ಯಾರು? ಹೇಳುವವರು ಯಾರು? ಹೇಳಿದ್ದನ್ನು ಕತ್ತರಿಸಿ ಜೋಡಿಸುವವರು ಯಾರು? ಕೇಳಿಸಿಕೊಂಡವನು ಇಯರ್‌ಫೋನ್ ತೆಗೆದಿಟ್ಟ ಮೇಲೆ ಏನಾಗುತ್ತೆ?

'ಪಾಡ್‌ಕಾಸ್ಟ್' ಎಂಬ ಪದ ಕಾಣಿಸಿಕೊಂಡದ್ದು 2004ರಲ್ಲಿ, ಇಂಗ್ಲೆಂಡಿನ 'ಗಾರ್ಡಿಯನ್' ಪತ್ರಿಕೆಯ ಒಂದು ಬರಹದಲ್ಲಿ. ಅದಕ್ಕೆ ಹೆಸರು ಕೊಟ್ಟ ಐಪಾಡ್ ಯಂತ್ರದ ತಯಾರಿಕೆ 2022ರಲ್ಲಿ ನಿಂತುಹೋಯಿತು, ಪದ ಮಾತ್ರ ಉಳಿದುಕೊಂಡಿತು. ರೇಡಿಯೋ ಕೇಂದ್ರ ನಡೆಸಲು ಸರ್ಕಾರದ ಪರವಾನಗಿ ಬೇಕು, ಬಂಡವಾಳ ಬೇಕು. ಪಾಡ್‌ಕಾಸ್ಟಿಗೆ ಒಂದು ಮೊಬೈಲು, ಒಂದು ಮೈಕು, ಇಂಟರ್ನೆಟ್ಟು ಇದ್ದರೆ ಆಯಿತು. ಅಷ್ಟರಮಟ್ಟಿಗೆ ಇದು ನಮ್ಮ ಕರಪತ್ರಗಳ, ಸೈಕ್ಲೋಸ್ಟೈಲ್ ಹಾಳೆಗಳ, 'ಪಂಚಮ'ದಂಥ ಪತ್ರಿಕೆಗಳ ವಂಶಕ್ಕೇ ಸೇರಿದ್ದು. ಕಡಿಮೆ ದುಡ್ಡಿನಲ್ಲಿ ಬಹಳ ಜನರನ್ನು ಮುಟ್ಟುವ ಸಾಧನ. ಇದನ್ನು ಬಿಟ್ಟುಕೊಡುವುದು ದಡ್ಡತನ.

ಆದರೆ ದನಿ ಇದ್ದ ಮಾತ್ರಕ್ಕೆ ಮಾತು ನಮ್ಮದಾಗುವುದಿಲ್ಲ ಎಂಬುದು ನಮಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ. ಊರಲ್ಲಿ ತಮಟೆ ಬಡಿದು ಡಂಗುರ ಸಾರಿದವರು ನಮ್ಮವರೇ. ಕೇರಿ ದಾಟಿ, ಅಗ್ರಹಾರದವರೆಗೂ ಕೇಳಿಸಿದ್ದು ಅವರ ದನಿ. ಸಾರಿದ ಸುದ್ದಿ ಮಾತ್ರ ಪಟೇಲರದು, ಶಾನುಭೋಗರದು, ಗುಡಿಯವರದು. ಇನ್ನು ಕಿವಿಗೂ ಒಂದು ಜಾತಿಯ ಚರಿತ್ರೆ ಇದೆ. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಯಿಸಿದ ಲೋಹವನ್ನೂ ಅರಗನ್ನೂ ಸುರಿಯಬೇಕು ಎಂದು ಗೌತಮ ಧರ್ಮಸೂತ್ರ ಬರೆದಿಟ್ಟಿದೆ. ಇಂಥ ನೆಲದಲ್ಲಿ 'ಹೇಳುವುದು', 'ಕೇಳುವುದು' ಎರಡೂ ಮುಗ್ಧ ಕ್ರಿಯೆಗಳಲ್ಲ.

ನಮ್ಮ ಕಡೆ ಕಥೆ ಹೇಳುವಾಗ ಒಬ್ಬರು 'ಹೂಂ' ಅನ್ನಲೇಬೇಕು. ಹೂಂಗುಟ್ಟುವವರಿಲ್ಲದಿದ್ದರೆ ಕಥೆ ನಿಂತುಹೋಗುತ್ತೆ. 'ಕೇಳ್ತಾ ಇದೀಯೋ, ನಿದ್ದೆ ಹೋದ್ಯೋ?' ಅಂತ ಅಜ್ಜಿ ಗದರುತ್ತಾಳೆ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿಗೆ ಹಿಮ್ಮೇಳವಿದೆ, ಎದುರಿಗೆ ಒಕ್ಕಲು ಕೂತಿರುತ್ತದೆ. ಅಲ್ಲಿ ಕೇಳುಗ ಸಿಕ್ಕಿಹಾಕಿಕೊಂಡಿರುತ್ತಾನೆ, ಅವನು ಉತ್ತರ ಕೊಡಬೇಕು. ಪಾಡ್‌ಕಾಸ್ಟಿನ ಕೇಳುಗ ಒಬ್ಬಂಟಿ. ಬಸ್ಸಿನಲ್ಲಿ, ಅಡಿಗೆಮನೆಯಲ್ಲಿ, ವಾಕಿಂಗಿನಲ್ಲಿ ಇನ್ನೊಬ್ಬರ ನೋವು ಅವನ ಕಿವಿಯೊಳಗೇ ಇಳಿಯುತ್ತದೆ. ಬೇಜಾರಾದರೆ ಮುಂದಕ್ಕೆ ಓಡಿಸಬಹುದು. ಅವನು ಯಾರಿಗೂ ಹೂಂ ಅನ್ನಬೇಕಾಗಿಲ್ಲ. ಈ ಮಾಧ್ಯಮದ ಬಲವೂ ಇದೇ, ತೊಡಕೂ ಇದೇ.

2

ಮೊದಲು ಪ್ರಶ್ನೆಗಳನ್ನು ನೋಡೋಣ. ದಲಿತ ಲೇಖಕನೋ ಅಧಿಕಾರಿಯೋ ವಿದ್ಯಾರ್ಥಿನಿಯೋ ಅತಿಥಿಯಾಗಿ ಬಂದಾಗ ಕೇಳುವ ಪ್ರಶ್ನೆಗಳಿಗೆ ಒಂದು ಅಚ್ಚು ಇದೆ. 'ಮೊದಲ ಸಲ ಜಾತಿ ಗೊತ್ತಾಗಿದ್ದು ಯಾವಾಗ ಸರ್?' 'ಆಗ ನಿಮಗೆ ಹೇಗನ್ನಿಸ್ತು?' 'ಅದನ್ನೆಲ್ಲ ದಾಟಿ ಹೇಗೆ ಬಂದ್ರಿ ಮೇಡಂ?' ಗಾಯ, ಕಣ್ಣೀರು, ಗೆಲುವು - ಈ ಮೂರು ಮೆಟ್ಟಿಲು ಹತ್ತಿ ಇಳಿದರೆ ಸಂಚಿಕೆ ಮುಗಿಯಿತು. ಬಜೆಟ್ಟಿನ ಬಗ್ಗೆ, ಬ್ಯಾಂಕುಗಳ ಬಗ್ಗೆ, ಸಿನಿಮಾ ಛಂದಸ್ಸಿನ ಬಗ್ಗೆ ಅವರನ್ನು ಕೇಳುವವರು ಕಡಿಮೆ. 1923ರಲ್ಲಿ ರೂಪಾಯಿಯ ಸಮಸ್ಯೆಯ ಬಗ್ಗೆಯೇ ಒಂದು ಗ್ರಂಥ ಪ್ರಕಟಿಸಿದ ಅಂಬೇಡ್ಕರರ ಮಕ್ಕಳಿಗೆ ಇಂದಿಗೂ ಅನುಭವ ಮಾತ್ರ ಹೇಳಿ, ವಿಚಾರ ನಾವು ನೋಡಿಕೊಳ್ತೀವಿ ಅನ್ನುವ ಧೋರಣೆ ಇದು. ಆತ್ಮಕಥೆಗಳ ವಿಷಯದಲ್ಲೂ ಇದೇ ನಡೆಯಿತು. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994), ಸಿದ್ಧಲಿಂಗಯ್ಯನವರ 'ಊರು ಕೇರಿ' (1996) ಬಂದಾಗ ಅವುಗಳ ನಗೆಯನ್ನೂ ವ್ಯಂಗ್ಯವನ್ನೂ ಬಿಟ್ಟು ನೋವನ್ನಷ್ಟೇ ಆಯ್ದುಕೊಂಡ ಓದುಗರು ಎಷ್ಟು ಮಂದಿ!

ಇದಕ್ಕೆ ಎದುರಾಗಿ ನಿಲ್ಲುವ ಒಂದು ಮಾತುಕತೆ ನಮ್ಮ ಬಳಿಯೇ ಇದೆ. 1955ರ ಕೊನೆಯಲ್ಲಿ ಬಿಬಿಸಿಯವರು ಗಾಂಧೀಜಿಯ ಬಗ್ಗೆ ಅಂಬೇಡ್ಕರರನ್ನು ಮಾತಾಡಿಸಿದರು. ಆ ಧ್ವನಿಮುದ್ರಣ ಇಂದು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಿದೆ. ಕೇಳಿದವರಿಗೆ ಬೇಕಾಗಿದ್ದು ನೆನಪುಗಳು. ಅಂಬೇಡ್ಕರ್ ಕೊಟ್ಟದ್ದು ತೀರ್ಪು. ಗಾಂಧಿಯವರ ಇಂಗ್ಲಿಷ್ ಪತ್ರಿಕೆಗಳನ್ನೂ ಗುಜರಾತಿ ಪತ್ರಿಕೆಯನ್ನೂ ಅಕ್ಕಪಕ್ಕ ಇಟ್ಟು ಓದಿ, ಒಂದರಲ್ಲಿ ಪ್ರಜಾಪ್ರಭುತ್ವವಾದಿ, ಇನ್ನೊಂದರಲ್ಲಿ ವರ್ಣವ್ಯವಸ್ಥೆಯ ಸಮರ್ಥಕ ಎಂದು ಅವರು ವಾದಿಸುತ್ತಾರೆ. ಆ ತೀರ್ಪನ್ನು ಒಪ್ಪಬಹುದು, ಬಿಡಬಹುದು. ಗಮನಿಸಬೇಕಾದ್ದು ಅವರು ಕೂತ ರೀತಿ. ಅವರು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಲಿಲ್ಲ. ಕೇಳುಗರ ಕರುಣೆಗೆ ಅಲ್ಲಿ ಜಾಗವೇ ಇಲ್ಲ, ವಾದಕ್ಕೆ ಮಾತ್ರ ಇದೆ. ದಲಿತ ಅತಿಥಿಯೊಂದಿಗೆ ಮಾತಾಡಲು ಕೂರುವವರು ಮೊದಲು ಕೇಳಬೇಕಾದ ಧ್ವನಿಮುದ್ರಣ ಇದು.

3

ಇನ್ನು 'ನ್ಯಾಯವಾದ ಮಾತುಕತೆ' ಎಂಬ ಕಲ್ಪನೆ. ಅಮೆರಿಕದಲ್ಲಿ 2003ರಲ್ಲಿ 'ಸ್ಟೋರಿಕಾರ್ಪ್ಸ್' ಎಂಬ ಯೋಜನೆ ಶುರುವಾಯಿತು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಪುಟ್ಟ ಕೋಣೆ. ತಾಯಿ-ಮಗ, ಗೆಳೆಯ-ಗೆಳತಿ ಹೀಗೆ ಪರಿಚಯದ ಇಬ್ಬರು ಒಳಗೆ ಕೂತು 40 ನಿಮಿಷ ಮಾತಾಡುತ್ತಾರೆ. ಅವರು ಒಪ್ಪಿದರೆ ಧ್ವನಿಮುದ್ರಣ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾನಪದ ಕೇಂದ್ರಕ್ಕೆ ಹೋಗುತ್ತದೆ. ಪತ್ರಕರ್ತನ ಹಂಗಿಲ್ಲದೆ ಸಾಮಾನ್ಯರು ಸಾಮಾನ್ಯರನ್ನು ಕೇಳುವ ಈ ವಿಧಾನದಲ್ಲಿ ನಿಜವಾದ ಗೌರವವಿದೆ. ನಮ್ಮ ಕೇರಿಗಳಲ್ಲಿ ಮೊಮ್ಮಗಳು ಅಜ್ಜಿಯನ್ನು ಹೀಗೆ ಕೂರಿಸಿ ಕೇಳಿದರೆ ಎಂಥ ಚರಿತ್ರೆ ಸಿಗಬಹುದು! ಜೀತದ ಲೆಕ್ಕ, ಬಾವಿಯ ಜಗಳ, ಮೊದಲ ಸ್ಲೇಟು - ಯಾವ ಗೆಜೆಟಿಯರಿನಲ್ಲೂ ಇಲ್ಲದ್ದು.

ಇದೇ ಸಂಸ್ಥೆ 2018ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ರಾಜಕೀಯವಾಗಿ ಎದುರಾಳಿಗಳಾದ ಇಬ್ಬರು ಅಪರಿಚಿತರನ್ನು ಕೂರಿಸಿ, ವಾದ ಬೇಡ, ಬದುಕಿನ ಬಗ್ಗೆ ಮಾತಾಡಿ ಎಂದಿತು. ಇಲ್ಲಿ ನಮ್ಮ ತಕರಾರು ಶುರುವಾಗುತ್ತದೆ. ಇಬ್ಬರು ಸಮಾನರ ನಡುವಿನ ಮುನಿಸನ್ನು ಹೀಗೆ ಕರಗಿಸಬಹುದು. ಕೆರೆಯ ನೀರು ಮುಟ್ಟಬೇಡ ಅಂದವನನ್ನೂ ಅನ್ನಿಸಿಕೊಂಡವನನ್ನೂ ಒಂದೇ ಎತ್ತರದ ಕುರ್ಚಿಯಲ್ಲಿ ಕೂರಿಸಿ 'ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳಿ' ಅಂದರೆ ಅದು ನ್ಯಾಯವೇ? ಅಸ್ಪೃಶ್ಯತೆ ಎರಡು ಅಭಿಪ್ರಾಯಗಳ ನಡುವಿನ ಭೇದವಲ್ಲ. ಸಂವಿಧಾನದ 17ನೇ ವಿಧಿ ಅದನ್ನು ರದ್ದು ಮಾಡಿದೆ, ಅದರ ಆಚರಣೆ ಅಪರಾಧ. ಅಪರಾಧಕ್ಕೆ 'ಎರಡೂ ಕಡೆ' ಹುಡುಕುವ ಸಮತೋಲನ ನಮ್ಮ ಊರಿನ ರಾಜಿ ಪಂಚಾಯ್ತಿಯ ಹೊಸ ರೂಪ. 'ಆಗಿದ್ದು ಆಗೋಯ್ತು, ಇಬ್ರೂ ಹೊಂದ್ಕೊಂಡು ಹೋಗ್ರಪ್ಪ' ಎಂಬ ಮಾತು ಇಂಗ್ಲಿಷಿನಲ್ಲಿ ಕೇಳಿದರೆ ಬಹಳ ಉದಾತ್ತವಾಗಿ ಕೇಳುತ್ತದೆ, ಅಷ್ಟೆ.

ಕನ್ನಡದಲ್ಲಿ ಈ ಮಾಧ್ಯಮದ ಬಗ್ಗೆ ಮಾತಾಡುವಾಗ 'ಹರಟೆ', 'ಕಟ್ಟೆ' ಎಂಬ ಪದಗಳು ಸಲೀಸಾಗಿ ಬರುತ್ತವೆ. ಹರಟೆ ಒಳ್ಳೆಯದೇ. ಆದರೆ ಅರಳಿಕಟ್ಟೆಯ ಮೇಲೆ ಕೂತು ಹರಟುವ ಹಕ್ಕು ಊರಿನ ಎಲ್ಲರಿಗೂ ಇರಲಿಲ್ಲ. ನಮ್ಮವರು ಕೆಳಗೆ, ಕೈಕಟ್ಟಿ ನಿಂತು ಕೇಳಿದವರು. ಹೊಸ ಕಟ್ಟೆ ಕಟ್ಟುವವರು ಹಳೇ ಕಟ್ಟೆಯ ಈ ನೆನಪನ್ನು ಇಟ್ಟುಕೊಂಡೇ ಕಟ್ಟಬೇಕು.

4

ಹಾಗಾದರೆ ಪಾಡ್‌ಕಾಸ್ಟಿನಿಂದ ನ್ಯಾಯ ಸಾಧ್ಯವೇ ಇಲ್ಲವೆ? ಇದೆ. ಅದಕ್ಕೆ ಕರುಣೆಗಿಂತ ಗಟ್ಟಿಯಾದ ಕೆಲಸ ಬೇಕು. ಅಮೆರಿಕದ ಮಿಸಿಸಿಪಿ ರಾಜ್ಯದ ವಿನೋನಾ ಪಟ್ಟಣದಲ್ಲಿ 1996ರಲ್ಲಿ ಪೀಠೋಪಕರಣದ ಅಂಗಡಿಯೊಂದರಲ್ಲಿ ನಾಲ್ವರ ಕೊಲೆಯಾಯಿತು. ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ಮನುಷ್ಯನ ಮೇಲೆ ಆರೋಪ ಬಂತು. ಅದೇ ಅಪರಾಧಕ್ಕೆ, ಅದೇ ಸರ್ಕಾರಿ ವಕೀಲ ಡಗ್ ಇವಾನ್ಸ್, 1997ರಿಂದ 2010ರ ನಡುವೆ ಅವನನ್ನು ಆರು ಸಲ ವಿಚಾರಣೆಗೆ ಗುರಿಮಾಡಿದ. 2018ರಲ್ಲಿ 'ಇನ್ ದಿ ಡಾರ್ಕ್' ಪಾಡ್‌ಕಾಸ್ಟಿನ ಎರಡನೇ ಸರಣಿ ಈ ಪ್ರಕರಣವನ್ನು ಕೈಗೆತ್ತಿಕೊಂಡಿತು. ಮ್ಯಾಡಲಿನ್ ಬರಾನ್ ಮತ್ತು ಅವರ ತಂಡ ಮಿಸಿಸಿಪಿಗೇ ಹೋಗಿ ತಿಂಗಳುಗಟ್ಟಲೆ ನೆಲೆಸಿ, ಒಬ್ಬೊಬ್ಬ ಸಾಕ್ಷಿಯ ಮನೆ ಬಾಗಿಲನ್ನೂ ತಟ್ಟಿದರು. ಜೈಲಿನಲ್ಲಿ ಫ್ಲವರ್ಸ್ ತನ್ನೆದುರು ತಪ್ಪೊಪ್ಪಿಕೊಂಡ ಎಂದು ಹೇಳಿದ್ದ ಮುಖ್ಯ ಸಾಕ್ಷಿಯೇ, ಅದು ಸುಳ್ಳು ಎಂದು ಅವರಿಗೆ ಹೇಳಿದ.

ಅವರು ಇನ್ನೂ ಒಂದು ಕೆಲಸ ಮಾಡಿದರು: ಲೆಕ್ಕ ಹಾಕಿದರು. ಅಲ್ಲಿ ತೀರ್ಪು ಹೇಳುವವರು ಊರಿನ ನಾಗರಿಕರಿಂದ ಆರಿಸಿದ ಜ್ಯೂರಿಗಳು. ವಕೀಲರು ಕಾರಣ ಹೇಳದೆ ಕೆಲವರನ್ನು ಬಿಟ್ಟುಬಿಡಬಹುದು. 1992ರಿಂದ 2017ರವರೆಗಿನ 225 ವಿಚಾರಣೆಗಳ ಕಡತಗಳನ್ನು ಕೋರ್ಟುಗಳ ಕಪಾಟುಗಳಿಂದ ತೆಗೆದು ನೋಡಿದಾಗ, ಇವಾನ್ಸ್ ಕಚೇರಿ ಬಿಳಿಯರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಾಗಿ ಕಪ್ಪು ಜನರನ್ನು ಜ್ಯೂರಿಯಿಂದ ಹೊರಗಿಟ್ಟಿದ್ದು ಕಂಡಿತು. 2019ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. ಆರು ವಿಚಾರಣೆಗಳಲ್ಲಿ ಹೊರಗಿಡಬಹುದಾಗಿದ್ದ 42 ಕಪ್ಪು ಜನರಲ್ಲಿ 41 ಮಂದಿಯನ್ನು ಸರ್ಕಾರಿ ಪಕ್ಷ ಹೊರಗಿಟ್ಟಿತ್ತೆಂದು ಅದು ಎತ್ತಿ ತೋರಿಸಿತು. 2020ರ ಸೆಪ್ಟೆಂಬರಿನಲ್ಲಿ ಆರೋಪಗಳೇ ಬಿದ್ದುಹೋದವು. ಅಷ್ಟರಲ್ಲಿ ಫ್ಲವರ್ಸ್ ಬದುಕಿನ ಸುಮಾರು 23 ವರ್ಷ ಜೈಲಿನಲ್ಲಿ ಕಳೆದಿತ್ತು. ಇದನ್ನೆಲ್ಲ ಪಾಡ್‌ಕಾಸ್ಟೇ ಮಾಡಿತು ಎನ್ನುವುದು ಅತಿಯಾಗುತ್ತದೆ, ವರ್ಷಗಟ್ಟಲೆ ಹೋರಾಡಿದ ವಕೀಲರಿದ್ದರು. ಆದರೆ ಈ ಸರಣಿ ಫ್ಲವರ್ಸನ ನೋವಿಗಿಂತ ಇವಾನ್ಸನ ಅಧಿಕಾರವನ್ನು ಹೆಚ್ಚು ಪ್ರಶ್ನಿಸಿತು. ನೊಂದವನನ್ನು 'ಹೇಗನ್ನಿಸ್ತು' ಎಂದು ಕೇಳುವುದು ಸುಲಭ. ನೋಯಿಸಿದವನನ್ನು 'ಯಾಕೆ ಮಾಡಿದೆ, ಎಷ್ಟು ಸಲ ಮಾಡಿದೆ' ಎಂದು ಕೇಳುವುದು ಕಷ್ಟ. ನ್ಯಾಯ ಈ ಎರಡನೇ ಪ್ರಶ್ನೆಯ ಕಡೆ ಇದೆ.

ಇದನ್ನು ಓದುವಾಗ ನಮಗೆ ಕಂಬಾಲಪಲ್ಲಿ ನೆನಪಾಗಬೇಕು. 2000ದ ಮಾರ್ಚ್ 11ರಂದು, ಆಗಿನ ಕೋಲಾರ ಜಿಲ್ಲೆಯ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಏಳು ಜನ ಸತ್ತರು, ಸುಟ್ಟವರು ಯಾರೂ ಇಲ್ಲ! ಕಂಬಾಲಪಲ್ಲಿಯ ಬಗ್ಗೆ ಮರುಗಿದವರು ನಾಡಿನಲ್ಲಿ ಬಹಳ ಮಂದಿ. ಆದರೆ ಸಾಕ್ಷಿ ಯಾಕೆ ತಿರುಗಿಬಿದ್ದ? ಅವನ ಕೂಲಿ ಯಾರ ಹೊಲದಲ್ಲಿತ್ತು? ಸಮನ್ಸು ಬಂದ ದಿನ ಅವನ ಮನೆಗೆ ಬಂದು ಹೋದವರು ಯಾರು? ಇದನ್ನು ಕೇಳುತ್ತಾ ಕೂರುವ ತಾಳ್ಮೆ ಮರುಕಕ್ಕೆ ಇರುವುದಿಲ್ಲ. ಅದು ಒಂದು ಗಂಟೆಯಲ್ಲಿ ತೃಪ್ತಿಯಾಗುತ್ತದೆ.

5

ಅಂಬೇಡ್ಕರ್ 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ತಮ್ಮ ಜೀವನದರ್ಶನದ ಬಗ್ಗೆ ಮಾತಾಡಿದರು. ಸ್ವಾತಂತ್ರ್ಯ, ಸಮಾನತೆ, ಸೋದರತೆಗಳನ್ನು ತಾನು ಫ್ರೆಂಚ್ ಕ್ರಾಂತಿಯಿಂದ ಎರವಲು ತರಲಿಲ್ಲ, ಬುದ್ಧನಿಂದ ಪಡೆದೆ ಎಂದರು. ಮೊದಲೆರಡನ್ನು ಕಾಯಲು ಕಾನೂನೊಂದೇ ಸಾಲದು, ಸೋದರತೆಯೇ ನಿಜವಾದ ಕಾವಲು ಎಂಬುದು ಅವರ ಮಾತಿನ ತಿರುಳು. ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಕರುಣೆಯಲ್ಲೇ ನಿಲ್ಲದೆ ಮೈತ್ರಿಯವರೆಗೆ ಹೋಗಬೇಕೆನ್ನುತ್ತಾರೆ. ಇದನ್ನು ನಾವು ಹೀಗೆ ಓದಿಕೊಳ್ಳಬಹುದು: ಕರುಣೆ ಮೇಲಿಂದ ಕೆಳಕ್ಕೆ ಹರಿಯಬಲ್ಲದು, ಅದಕ್ಕೆ ಕೆಳಗೊಬ್ಬ ಬೇಕು. ಮೈತ್ರಿಗೆ ಎದುರಿಗೊಬ್ಬ ಬೇಕು, ಅವನು ತಿರುಗಿ ಪ್ರಶ್ನೆ ಕೇಳುತ್ತಾನೆ. ಸಾಮಾಜಿಕ ಹೊಣೆ ಹುಟ್ಟುವುದು ಆ ತಿರುಗುಪ್ರಶ್ನೆಯಿಂದ.

ಗೆಳೆಯರು ಕೇಳಬಹುದು, ಈಗ ಮಾಡೋದೇನು ಅಂತ. ಮೊದಲನೆಯದಾಗಿ, ಮಾತಾಡಿದವರ ಸುರಕ್ಷೆ. ಹೆಸರು ಮರೆಮಾಡಿದರೂ ದನಿಯನ್ನು ಊರು ಗುರುತಿಸುತ್ತದೆ. ನಮ್ಮ ಸಂಚಿಕೆ ನಾಡಿಗೆಲ್ಲ ಕೇಳುವಾಗ ಹೇಳಿದವಳು ಅದೇ ಊರಲ್ಲಿ, ಅದೇ ಗೌಡರ ಹೊಲದಲ್ಲಿ ಕಳೆ ಕೀಳುತ್ತಿರುತ್ತಾಳೆ. ಹಾಗಾಗಿ ಧ್ವನಿಮುದ್ರಣವನ್ನು ಮೊದಲು ಅವಳ ಕೇರಿಯಲ್ಲೇ ಕೇಳಿಸಬೇಕು, 'ಇದು ಬೇಡ' ಅಂದದ್ದನ್ನು ತೆಗೆಯಬೇಕು. ಎರಡನೆಯದಾಗಿ, ಒಬ್ಬೊಬ್ಬರೇ ಕೇಳುವುದನ್ನು ಬಿಟ್ಟು ಹಾಸ್ಟೆಲುಗಳಲ್ಲಿ, ಅಂಬೇಡ್ಕರ್ ಭವನಗಳಲ್ಲಿ ಗುಂಪಾಗಿ ಕೇಳಬೇಕು, ನಡುನಡುವೆ ನಿಲ್ಲಿಸಿ ಜಗಳ ಆಡಬೇಕು. ಮೂರನೆಯದು, ಲೆಕ್ಕ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ 2016ರ ಜನವರಿಯಿಂದ ಜಾರಿಗೆ ಬಂದಿದೆ. ಅದರ 15-ಎ ಕಲಮು ಸಾಕ್ಷಿಗಳಿಗೆ ರಕ್ಷಣೆ ಕೊಡಬೇಕೆನ್ನುತ್ತದೆ, ಈ ಕಾಯ್ದೆಯಡಿಯ ಎಲ್ಲ ವಿಚಾರಣೆಗಳ ವಿಡಿಯೋ ದಾಖಲೆ ಆಗಬೇಕೆಂದೂ ಹೇಳುತ್ತದೆ. ನಿಮ್ಮ ಜಿಲ್ಲೆಯ ವಿಶೇಷ ನ್ಯಾಯಾಲಯದಲ್ಲಿ ಆ ದಾಖಲೆ ಆಗುತ್ತಿದೆಯೇ? ಎಷ್ಟು ಸಾಕ್ಷಿಗಳಿಗೆ ರಕ್ಷಣೆ ಸಿಕ್ಕಿದೆ? ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ, ಬಂದ ಉತ್ತರವನ್ನು ಮೈಕಿನ ಮುಂದೆ ಓದಿ, ಸಂಬಂಧಪಟ್ಟ ಅಧಿಕಾರಿಯನ್ನೇ ಅತಿಥಿಯ ಕುರ್ಚಿಗೆ ಕರೆಯಿರಿ. ಅವರು ಬರದಿದ್ದರೆ ಬರಲಿಲ್ಲ ಎಂದು ಹೇಳಿ, ಮುಂದಿನ ವಾರವೂ ಕರೆಯಿರಿ. ಕೇಳಿದವರ ಹೂಂಕಾರ ಶುರುವಾಗಬೇಕಾದ್ದು ಅಲ್ಲಿಂದ.