ಹಿತ್ತಲಿನ ರಿಯಾಕ್ಟರ್

ಕಲಘಟಗಿ ಕಡೆಯ ನಮ್ಮ ದೊಡ್ಡವ್ವನ ಹಿತ್ತಲಲ್ಲಿರುವ ಗೋಬರ್ ಗ್ಯಾಸ್ ಗುಂಡಿ ನೋಡಿದಾಗಲೆಲ್ಲ ನನಗೆ ಬೆರಗು. ಕೆಮಿಕಲ್ ಎಂಜಿನಿಯರಿಂಗ್ ಓದುವವರು ರಾತ್ರಿಯೆಲ್ಲ ಕೂತು ಬಿಡಿಸುವ ಲೆಕ್ಕ ಅಲ್ಲಿ ನೆಲದಡಿ ನಡೆದಿರುತ್ತದೆ: ತೊಟ್ಟಿ ಒಂದೇ, ಏಕಕಾಲಕ್ಕೆ ಕ್ರಿಯೆಗಳು ಹಲವು. ಕೆಲವು ಸೂಕ್ಷ್ಮಜೀವಿಗಳು ಹೆಂಡಿಯನ್ನು ಒಡೆದು ಕರಗಿಸುತ್ತವೆ, ಕೆಲವು ಅದನ್ನು ಹುಳಿ ಮಾಡುತ್ತವೆ, ಮತ್ತೆ ಕೆಲವು ಆ ಹುಳಿಯಿಂದ ಮೀಥೇನ್ ತೆಗೆಯುತ್ತವೆ. ಹುಳಿ ಮಾಡುವವು ಚುರುಕು, ಮೀಥೇನ್ ಮಾಡುವವು ನಿಧಾನ. ತೊಡಕಿರುವುದೇ ಇಲ್ಲಿ. ಒಮ್ಮೆಲೇ ಹೆಚ್ಚು ತುಂಬಿದರೆ ಹುಳಿಯೇರಿ, ಪಿಎಚ್ 6.5ಕ್ಕಿಂತ ಕೆಳಗಿಳಿದು, ಗ್ಯಾಸೇ ಬರುವುದಿಲ್ಲ.

ದೊಡ್ಡವ್ವನಿಗೆ ಸಮೀಕರಣ ಗೊತ್ತಿಲ್ಲ. ದಿನಾ ಮುಂಜಾನೆ ಎರಡು ಬುಟ್ಟಿ ಹೆಂಡಿಗೆ ಅಷ್ಟೇ ನೀರು ಹಾಕಿ, ಕಸಕಡ್ಡಿ ಆರಿಸಿ, ಗಂಟಿಲ್ಲದಂತೆ ಕೈಯಲ್ಲೇ ಕಲಸುತ್ತಾಳೆ. ಉರಿ ಸಣ್ಣದಾದರೆ ನಾಲ್ಕು ದಿನ ಹೆಂಡಿ ನಿಲ್ಲಿಸುತ್ತಾಳೆ. "ಅರಗಿಸ್ಕೊಳ್ಳಾಕ ಅದಕ್ಕೂ ಟೈಮ್ ಬೇಕಲ್ಲವಾ" ಅನ್ನುತ್ತಾಳೆ. ಪುಸ್ತಕದ ಉತ್ತರವೂ ಇದೇ.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1987ರಲ್ಲಿ ಇದೇ ಗ್ಯಾಸಿನಿಂದ ಮನೆಮನೆಗೆ ದೀಪ ಹೊತ್ತಿಸಿದ್ದರು. ದೊಡ್ಡವ್ವನ ಮನೆಯಲ್ಲಿ ಆ ನೀಲಿ ಉರಿಯ ಮೇಲೆ ರೊಟ್ಟಿ ಬೇಯುತ್ತದೆ. ಗುಂಡಿಯಿಂದ ಹೊರಬರುವ ರಾಡಿ ಗೋವಿನಜೋಳದ ಹೊಲಕ್ಕೆ ಹೋಗುತ್ತದೆ.