ಅಂಚು, ದನಿ, ಕೊನೆಗೆ ಡಬ್ಬಿ

ಚೆನ್ನೈಯ ಅಣ್ಣಾ ನಗರದ ಟವರ್ ಪಾರ್ಕಿನಲ್ಲಿ ಬೆಳಿಗ್ಗೆ ಕಾಲಾಡಿಸುವ ನಮ್ಮಂಥ ಕನ್ನಡಿಗರಿಗೆ ಒಂದು ಗುಟ್ಟಿನ ಹೆಮ್ಮೆಯಿದೆ. 1968ರ ವಿಶ್ವ ವ್ಯಾಪಾರ ಮೇಳಕ್ಕೆಂದು ಎದ್ದ ಆ ಗೋಪುರದ ಕಾಗದದ ಹೆಸರು ವಿಶ್ವೇಶ್ವರಯ್ಯ ಟವರ್. ಆಟೋದವನಿಗೆ ಹಾಗೆಂದು ನೋಡಿ, ಪಿಳಿಪಿಳಿ ನೋಡುತ್ತಾನೆ. ಕಾಗದದಲ್ಲೊಂದು ಹೆಸರು, ಬಾಯಲ್ಲೊಂದು. ಹಳೆಯ ಫೋನೋಗ್ರಾಫ್ ಸಿಲಿಂಡರ್‌ಗಳ ಹುಚ್ಚು ಹತ್ತಿಸಿಕೊಂಡವರಿಗೆ ಈ ಪೇಚಾಟ ಹೊಸದಲ್ಲ.

ಸಿಲಿಂಡರ್ ನೋಡಲು ಮನೆಗೆ ಬಂದವರು ಮೊದಲು ಕೇಳುವುದೇ ‘ಇದರ ಲೇಬಲ್ ಎಲ್ಲಿ?’ ಎಂದು. ಎಲ್ಲಿ ಅಂಟಿಸೋಣ? ನಾಲ್ಕು ಇಂಚು ಚಿಲ್ಲರೆ ಉದ್ದದ ಮೇಣದ ಕೊಳವೆ. ಹೊರಮೈಯೆಲ್ಲ ಗೀರು, ಒಳಗೆಲ್ಲ ಪೊಳ್ಳು. ಗ್ರಾಮಫೋನ್ ಪ್ಲೇಟಿಗಾದರೋ ನಡುವೆ ಹಣೆಯಂಥ ಜಾಗವಿದೆ, ಬೊಟ್ಟಿಟ್ಟ ಹಾಗೆ ಕಾಗದ ಹಚ್ಚಬಹುದು. ಸಿಲಿಂಡರಿಗೆ ಉಳಿಯುವುದು ತುದಿಯ ಅಂಚು ಮಾತ್ರ. 1904ರ ಸುಮಾರಿಗೆ ಎಡಿಸನ್ ಕಂಪನಿ ಆ ಅಂಚಿನ ಮೇಲೇ ಹಾಡಿನ ಹೆಸರು, ಸಂಖ್ಯೆ ಕೊರೆಯತೊಡಗಿತು. ಅದಕ್ಕಿಂತ ಹಳೆಯ ಕಂದು ಮೇಣದವುಗಳ ಹೆಸರು ಡಬ್ಬಿಯೊಳಗಿನ ಚೀಟಿಯಲ್ಲಿರುತ್ತಿತ್ತು. ಚೀಟಿ ಕಳೆದರೆ ಮುಗಿಯಿತು.

ಡಬ್ಬಿಯನ್ನು ನಾನು ನಂಬುವುದೇ ಇಲ್ಲ. ಎಡಿಸನ್ನನ ಚಿತ್ರ, ಸಹಿ ಹೊತ್ತ ರಟ್ಟಿನ ಡಬ್ಬಿಗಳೆಲ್ಲ ಅವಳಿ ಜವಳಿ. ನೂರು ವರ್ಷದಲ್ಲಿ ಯಾರ ಮುಚ್ಚಳ ಯಾರ ತಲೆಗೆ ಬಂದಿದೆಯೋ! ಅಂಚಿನಲ್ಲಿ ‘4ಎಂ’ ಎಂದಿದ್ದರೆ ಮಾತ್ರ ಕೈ ತಡೆಯಬೇಕು. ಅದು 1908ರಲ್ಲಿ ಬಂದ ನಾಲ್ಕು ನಿಮಿಷದ ಆಂಬರಾಲ್. ಇಂಚಿಗೆ 200 ಗೀರು, ಹಳೆಯದರ ಇಮ್ಮಡಿ. ಹಳೆಯ ಎರಡು ನಿಮಿಷದ ಸಿಲಿಂಡರಿನ ದಪ್ಪ ಮುಳ್ಳು ಇಟ್ಟರೆ ಹಾಡನ್ನು ಉತ್ತುಬಿಡುತ್ತದೆ. 1912ರ ನೀಲಿ ಆಂಬರಾಲ್ ಸೆಲ್ಯುಲಾಯ್ಡಿನದು, ಗಟ್ಟಿ ಜೀವ. ಆದರೆ ಒಳಗಿನ ಪ್ಲಾಸ್ಟರ್ ನಮ್ಮ ಚೆನ್ನೈ ತೇವಕ್ಕೆ ಉಬ್ಬಿ, ಯಂತ್ರದ ಕೊರಡಿಗೆ ಏರಲೊಲ್ಲದು. ಮೇಣದವಕ್ಕೆ ಬಿಳಿ ಬೂಷ್ಟು. ಕಡಲತಡಿಯ ಸಂಗ್ರಹಕಾರನ ಹಣೆಬರಹ! ಎರಡು ಬೆರಳು ಒಳಗೆ ತೂರಿಸಿ, ಅಗಲಿಸಿ ಎತ್ತಬೇಕು. ಹೊರಮೈಗೆ ಬೆರಳು ತಾಗಿಸುವವರಿಗೆ ನಮ್ಮ ಮನೆಯಲ್ಲಿ ಕಾಫಿಯಿಲ್ಲ.

ಅಂಚೂ ಮೂಕವಾದರೆ ಕಿವಿಯೇ ಗತಿ. ಆರಂಭಕಾಲದ ಸಿಲಿಂಡರ್‌ಗಳಲ್ಲಿ ಹಾಡಿಗೆ ಮೊದಲು ಒಬ್ಬ ಹಾಡಿನ ಹೆಸರನ್ನೂ ಕಂಪನಿಯ ಹೆಸರನ್ನೂ ಕೂಗಿ ಹೇಳುತ್ತಾನೆ. ಅದೇ ಲೇಬಲ್. ಪ್ಲೇಟು ಬಂದ ಮೇಲೂ ನಮ್ಮಲ್ಲಿ ಆ ಕೂಗು ಉಳಿಯಿತು. 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಹಾಡಿದ ಗೌಹರ್ ಜಾನ್ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಸಾರುತ್ತಾಳೆ. ಪ್ಲೇಟು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾವ ಹಾಡು ಯಾರದೆಂದು ತಿಳಿಯಬೇಡವೇ? ಆ ಗೌಹರ್ ಕಡೆಗೆ ಮೈಸೂರು ಆಸ್ಥಾನ ಸೇರಿ, 1930ರಲ್ಲಿ ಅಲ್ಲೇ ಕಣ್ಣು ಮುಚ್ಚಿದಳು.

ಭಾರತದ ಸಿಲಿಂಡರ್ ಎಂದರೆ ಕಲ್ಕತ್ತಾದ ಎಚ್. ಬೋಸ್. ಟ್ಯಾಗೋರರ ದನಿಯನ್ನೇ ಮೇಣಕ್ಕಿಳಿಸಿದ ಪುಣ್ಯಾತ್ಮ. ಕನ್ನಡದ ದನಿ ಹುಡುಕುವವರು ಮಾತ್ರ ಪ್ಲೇಟಿನ ಕಡೆಗೇ ತಿರುಗಬೇಕು. ಮದರಾಸಿನ ಮೂರ್ ಮಾರ್ಕೆಟ್ಟಿನಲ್ಲಿ ಹಳೆಯ ಪ್ಲೇಟುಗಳು ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತಿದ್ದವು, 1985ರಲ್ಲಿ ಅದು ಸುಟ್ಟುಹೋಗುವ ತನಕ. ಅಲ್ಲಿಯೂ ಲೇಬಲ್ ಆಟ ಆಡಿಸುತ್ತಿತ್ತು. ‘ಕನ್ನಡ’ ಎಂದು ಹುಡುಕಿದರೆ ಕೈಗೆ ಸಿಗುತ್ತಿರಲಿಲ್ಲ. ಕಂಪನಿಯವರು ಅಚ್ಚು ಹಾಕಿದ್ದು ‘ಕೆನರೀಸ್’. ಕಾಗದ ಹರಿದಿದ್ದರೆ ಲೇಬಲ್ಲಿನ ಸುತ್ತಲ ನುಣುಪು ಕಪ್ಪಿನ ಮೇಲೆ ಒತ್ತಿದ ಸಂಖ್ಯೆಯನ್ನು ಓರೆ ಬೆಳಕಿನಲ್ಲಿ ಓದಬೇಕು. ಅದು ಸುಳ್ಳು ಹೇಳುವುದು ಕಡಿಮೆ.

ಇನ್ನು ಲೇಬಲ್‌ಗಳ ರಾಜ, ಎಚ್‌ಎಂವಿಯ ನಾಯಿ. ಹೊಸ ಹಿತ್ತಾಳೆ ಕಹಳೆಗೆ ಆ ನಾಯಿಯನ್ನು ಅಂಟಿಸಿ ‘ಆಂಟಿಕ್’ ಎಂದು ಮಾರುವವರು ಈಗ ಬೇಕಾದಷ್ಟು. ಚಿತ್ರಕಾರ ಫ್ರಾನ್ಸಿಸ್ ಬರಾಡ್ ಮೊದಲು ಬರೆದಾಗ ನಾಯಿ ಕಿವಿಗೊಟ್ಟು ಕೂತದ್ದು ಸಿಲಿಂಡರ್ ಫೋನೋಗ್ರಾಫಿನ ಮುಂದೆ. 1899ರಲ್ಲಿ ಗ್ರಾಮಫೋನ್ ಕಂಪನಿ ಚಿತ್ರ ಕೊಳ್ಳುವಾಗ, ಯಂತ್ರವನ್ನು ಅಳಿಸಿ ತನ್ನದನ್ನು ಬರೆಯಿರೆಂದಿತು. ಅವನು ಅಳಿಸಲಿಲ್ಲ, ಮೇಲೆಯೇ ಬಳಿದ. ಓರೆ ಬೆಳಕು ಬಿದ್ದರೆ ಬಣ್ಣದಡಿ ಹಳೆಯ ಯಂತ್ರದ ಗೆರೆಗಳು ಈಗಲೂ ಕಾಣುತ್ತವಂತೆ.